ಶ್ರುತಿ ಏರಿದ ಮರುದಿನ

ಅಷ್ಟು ಜೋರಾಗಿ ಹೆಚ್ಚಬೇಕಾದ ಈರುಳ್ಳಿ ಈ ಲೋಕದಲ್ಲಿ ಎಲ್ಲೂ ಇರಲಾರದು ಎಂದುಕೊಳ್ಳುತ್ತ ಅವನು ಹಾಸಿಗೆಯಲ್ಲೇ ಮಗ್ಗುಲು ಬದಲಿಸಿದ. ಅಡುಗೆಮನೆಯಲ್ಲಿ ಚಾಕು ಹಲಗೆಯ ಮೇಲೆ ಟಕ್ ಟಕ್ ಎಂದು ಬೀಳುತ್ತಿತ್ತು. ನಡುವೆ ಒಮ್ಮೆ ನಿಂತು, ಮತ್ತೆ ಇಮ್ಮಡಿ ರಭಸದಲ್ಲಿ ಶುರುವಾಗುತ್ತಿತ್ತು. ಮಂಚ ಸಣ್ಣದು. ಕಾಲು ಚಾಚಿದರೆ ಪಾದ ಹೊರಗೆ, ಮಡಚಿದರೆ ಮೊಣಕಾಲು ಗೋಡೆಗೆ. ಇದು ಈ ಮನೆಯ ಮಗಳ ಕೋಣೆ; ಅವಳು ಬೇರೆಲ್ಲೋ ಕೆಲಸಕ್ಕಿದ್ದಾಳಂತೆ, ಅತಿಥಿ ಬಂದಾಗ ಮಾತ್ರ ಬಾಗಿಲು ತೆಗೆಯುತ್ತಾರಂತೆ. ಎಚ್ಚರವಾದ ಕೂಡಲೇ ಇದು ಯಾವ ಊರು ಎಂದು ನೆನಪು ಮಾಡಿಕೊಳ್ಳುವ ಅಭ್ಯಾಸವನ್ನು ಅವನು ಬಿಟ್ಟು ಬಹಳ ದಿನವಾಗಿತ್ತು. ಊರಿಂದೂರಿಗೆ ಬದಲಾಗುತ್ತಿದ್ದದ್ದು ಬಚ್ಚಲಿನ ನಲ್ಲಿ ಮಾತ್ರ: ಒಂದು ಮನೆಯಲ್ಲಿ ಎಡಕ್ಕೆ ತಿರುಗಿಸಿದರೆ ಬಿಸಿನೀರು, ಇನ್ನೊಂದರಲ್ಲಿ ಬಲಕ್ಕೆ, ಮತ್ತೊಂದರಲ್ಲಿ ಮೇಲಕ್ಕೆತ್ತಬೇಕು. ಮೊನ್ನೆಯ ಮನೆಯಲ್ಲಿ ಏನು ಮಾಡಬೇಕೆಂದು ಕೇಳಲು ನಾಚಿಕೊಂಡು ತಣ್ಣೀರಲ್ಲೇ ಮಿಂದು, ಗಡಗಡ ನಡುಗುತ್ತ ಹೊರಗೆ ಬಂದು, "ನೀರು ಬಿಸಿಯಿತ್ತಾ ಬ್ರದರ್?" ಎಂದವರಿಗೆ "ತುಂಬಾ ಚೆನ್ನಾಗಿತ್ತು" ಎಂದಿದ್ದ. ಈ ಮನೆಯ ಬಚ್ಚಲಿನಿಂದ ಈಗ ಮನೆಯೊಡೆಯ ಅಂಕಲ್ ಹಾಡುವುದು ಕೇಳಿಸುತ್ತಿತ್ತು. ನಿನ್ನೆಯ ಹಾಡೇ. ಅದೂ ಏರಿದ ಶ್ರುತಿಯಲ್ಲೇ. ಅವನು ಹೊದಿಕೆಯನ್ನು ತಲೆಯ ಮೇಲಕ್ಕೆ ಎಳೆದುಕೊಂಡ. ಇವತ್ತು ಮಧ್ಯಾಹ್ನ ಅಂಕಲ್‌ನ ತಮ್ಮ ಈ ಮನೆಗೆ ಊಟಕ್ಕೆ ಬರುತ್ತಾನೆ, ಎಷ್ಟೋ ವರ್ಷಗಳ ಮೇಲೆ. ಈರುಳ್ಳಿಗೆ ಈ ಗತಿ ಬಂದದ್ದು ಆ ಮನುಷ್ಯನಿಗಾಗಿ. ಆ ಮನುಷ್ಯನಿಗೆ ಈ ಬಾಗಿಲು ತೆರೆದದ್ದು ತನ್ನಿಂದಾಗಿ. ಸರಿಯಾಗಿ ಹೇಳಬೇಕೆಂದರೆ ತನ್ನ ಎಡಗೈಯ ನಡುಬೆರಳಿನಿಂದಾಗಿ.

ತಂಡದಲ್ಲಿ ಎಲ್ಲರೂ ಅವನನ್ನು ತಾತ ಎನ್ನುತ್ತಿದ್ದರು. ಇನ್ನೂ ಮೂವತ್ತು ತುಂಬಿಲ್ಲ. ಆದರೆ ಯುವಜನರ ಸಂಗೀತ ತಂಡದಲ್ಲಿ ಮುಂದಲೆಯ ಕೂದಲು ತೆಳುವಾದವನು ತಾತನಲ್ಲದೆ ಇನ್ನೇನು. ತಂಡಕ್ಕೆಂದು ಹೊಲಿಸಿದ ನೀಲಿ ಅಂಗಿ ಉಳಿದವರ ಮೈಮೇಲೆ ಸಡಿಲವಾಗಿ ಹಾರಾಡುತ್ತಿದ್ದರೆ ಅವನ ಹೊಟ್ಟೆಯ ಮೇಲೆ ಬಿಗಿದು ಕೂತು, ಎದೆಯ ಮೇಲಿನ 'ಯುವ' ಎಂಬ ಅಕ್ಷರಗಳನ್ನು ಎರಡೂ ಕಡೆಗೆ ಎಳೆಯುತ್ತಿತ್ತು. ಊರಿನಲ್ಲಿ ಅವನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ರಜೆ ಕೇಳಿದಾಗ ಅಂಗಡಿಯ ಯಜಮಾನರು, "ದೇವರ ಕೆಲಸ ಅಂತೀಯ, ಬೇಡ ಅನ್ನೋಕೆ ಬಾಯಿ ಬರಲ್ಲ, ಹೋಗಿ ಬಾರಪ್ಪ" ಎಂದು ಮುಖ ಗಂಟಿಕ್ಕಿಕೊಂಡೇ ಕಳಿಸಿದ್ದರು. ಪರದೇಶಗಳಲ್ಲಿ ನಮ್ಮ ಭಾಷೆಯವರು ಅಲ್ಲಲ್ಲಿ ಕೂಡಿಕೊಂಡು ನಡೆಸುವ ಪುಟ್ಟ ಪುಟ್ಟ ಸಭೆಗಳಿಗೆ ಹೋಗುವುದು, ಹಾಡುವುದು, ಅಣ್ಣ ದೇವರ ವಾಕ್ಯ ಹೇಳುವುದು, ಆಮೇಲೆ ಪ್ರಾರ್ಥನೆಗೆ ಜನರನ್ನು ಮುಂದಕ್ಕೆ ಕರೆಯುವುದು, ಸಭೆಯವರ ಮನೆಗಳಲ್ಲಿ ಒಬ್ಬೊಬ್ಬರಾಗಿ ಹಂಚಿಹೋಗಿ ಮಲಗುವುದು, ಮರುದಿನ ವ್ಯಾನು ಹತ್ತುವುದು. ಅಣ್ಣ ಎಂದರೆ ತಂಡದ ನಾಯಕ. ಅವನು ಇವನಿಗಿಂತ ಕಿರಿಯ. ಆದರೂ ಎಲ್ಲರೂ ಅಣ್ಣ ಎನ್ನುವಾಗ ಇವನೊಬ್ಬ ಏನೆಂದು ಕರೆದಾನು? ಅಣ್ಣ ಎಂದೇ ಕರೆದ. ಮೊದಮೊದಲು ಬಾಯಿಗೆ ಕಹಿಯಾಗುತ್ತಿತ್ತು, ಈಗ ಅದೂ ಇಲ್ಲ. ಪ್ರಾರ್ಥನೆಯ ಹೊತ್ತಿಗೆ ಅಣ್ಣ ವೇದಿಕೆಯ ಮುಂದೆ ಕಣ್ಣು ಮುಚ್ಚಿ ನಿಂತು ಒಂದು ಕೈಯನ್ನು ಆಕಾಶಕ್ಕೆ ಎತ್ತುತ್ತಿದ್ದ. ಇನ್ನೊಂದು ಕೈ ಬೆನ್ನ ಹಿಂದೆ. ಆ ಕೈ ಸಭೆಗೆ ಕಾಣುತ್ತಿರಲಿಲ್ಲ, ಕೀಬೋರ್ಡಿನ ಮುಂದೆ ಕೂತ ಇವನಿಗೆ ಮಾತ್ರ ಕಾಣುತ್ತಿತ್ತು. ಅಂಗೈ ಕೆಳಗಾದರೆ ಮೆತ್ತಗೆ, ಎರಡು ಬೆರಳು ಮೇಲಾದರೆ ತುಂಬಿಸು, ಮುಷ್ಟಿಯಾದರೆ ನಿಲ್ಲಿಸು. ಜನ ಅಳುತ್ತ ಬರುತ್ತಿದ್ದದ್ದು ಆ ಎತ್ತಿದ ಕೈಗೋ ಈ ಬೆನ್ನ ಹಿಂದಿನ ಕೈಗೋ ಎಂದು ಇವನು ಒಮ್ಮೆ ಯೋಚಿಸಲು ಹೊರಟು, ಹೆದರಿ ಬಿಟ್ಟುಬಿಟ್ಟಿದ್ದ. ಅಂಗಡಿಯಲ್ಲೂ ಹೀಗೇ. ಗಿರಾಕಿಯ ಕಣ್ಣಿನ ಮುಂದೆ ಗಾಜು ಬದಲಿಸುತ್ತ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಕೇಳಬೇಕು. ಕೊನೆಯ 'ಇದಾ'ಕ್ಕೆ ದನಿ ಚೂರು ಎತ್ತಿದರೆ ಸಾಕು, ಹತ್ತರಲ್ಲಿ ಎಂಟು ಮಂದಿ "ಇದೇ, ಇದೇ" ಎನ್ನುತ್ತಾರೆ. ಪಾಪ, ಅವರಿಗೆ ನಿಜವಾಗಿಯೂ ಚೆನ್ನಾಗಿ ಕಂಡಿರುತ್ತದೆ.

ನಿನ್ನೆ ಸಂಜೆ ಅವನಿಗೆ ನಿದ್ದೆ ಒತ್ತರಿಸಿಕೊಂಡು ಬರುತ್ತಿತ್ತು. ವ್ಯಾನಿನಲ್ಲಿ ದಿನವಿಡೀ ಡ್ರಮ್ಮಿನ ಚೀಲ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ತೊಡೆ ಜೋಮು ಹಿಡಿದಿತ್ತು. ಬಾಡಿಗೆಗೆ ಹಿಡಿದ ಸಭಾಂಗಣ, ಮಡಚುವ ಕುರ್ಚಿಗಳು, ಒಂದು ಮೂಲೆಯಲ್ಲಿ ಯಾರದೋ ಕಸರತ್ತಿನ ಚಾಪೆಗಳ ರಾಶಿ. ಅಣ್ಣನ ಬೆನ್ನ ಹಿಂದೆ ಎರಡು ಬೆರಳು ಎದ್ದವು. ತುಂಬಿಸಬೇಕು. ಪಿಟೀಲುಗಳ ದನಿ ಸೇರಿಸುವ ಗುಂಡಿಗೆಂದು ಹೋದ ಎಡಗೈಯ ಬೆರಳು ಪಕ್ಕದ ಗುಂಡಿಯನ್ನು ಒತ್ತಿತು, ಶ್ರುತಿ ಏರಿಸುವ ಗುಂಡಿಯನ್ನು. ಇಡೀ ಹಾಡು ಅರ್ಧ ಸ್ವರ ಮೇಲಕ್ಕೆ ಹೋಯಿತು. ಇಳಿಸಲು ಹೋಗಿ ಗಾಬರಿಯಲ್ಲಿ ಅದೇ ಗುಂಡಿಯನ್ನು ಇನ್ನೊಮ್ಮೆ ಒತ್ತಿದ. ಗಿಟಾರಿನವನು ಪುಣ್ಯಕ್ಕೆ ಗಿಟಾರು ಇಳಿಸಿ ಕಣ್ಣು ಮುಚ್ಚಿ ನಿಂತಿದ್ದ. ಸಿಕ್ಕಿಬಿದ್ದವಳು ಹಾಡುತ್ತಿದ್ದ ಪೀಪಿ. ಅವಳ ದನಿ ತೆಳ್ಳಗೆ, ಮೇಲೆ ಹೋದರೆ ಸಂತೆಯ ಪೀಪಿಯಂತೆ ಕೇಳುತ್ತದೆಂದು ಆ ಹೆಸರು. ಪಲ್ಲವಿಯ ತುದಿಯಲ್ಲಿ ಅವಳು ಸಿಗದ ಸ್ವರಕ್ಕೆ ಕೈ ಚಾಚಿ, ಗಂಟಲು ಹರಿದು, ನಡುವೆ ಉಸಿರು ನಿಂತು, ಕಣ್ಣಲ್ಲಿ ನೀರು ತಂದುಕೊಂಡಳು. ಸಭೆ ಸ್ತಬ್ಧವಾಯಿತು. ಯಾರೋ "ಸ್ತೋತ್ರ!" ಎಂದರು. ಎರಡನೇ ಸಾಲಿನಿಂದ ಅಂಕಲ್ ಎದ್ದರು. ದಿನವೂ ಕೆಲಸ ಮಾಡುವ ಲಾಂಡ್ರಿಯ ಹಬೆಯಲ್ಲಿ ಬೆಂದು ಕೆಂಪಾದ ಮುಖದ, ದಪ್ಪ ಕುತ್ತಿಗೆಯ ಮನುಷ್ಯ ನೆಟ್ಟಗೆ ಮುಂದೆ ಬಂದು, ಮೈಕು ಕೇಳದೆಯೇ, "ನನ್ನ ತಮ್ಮನನ್ನ ನಾನು ಕ್ಷಮಿಸಿದೀನಿ. ಇವತ್ತು, ಈಗ. ಹಿಂದೆ ಕೂತಿದಾನೆ. ಬಾರೋ. ನಾಳೆ ನಮ್ಮನೇಲಿ ಊಟ ಮಾಡೋ" ಎಂದು ಗಳಗಳನೆ ಅತ್ತರು. ಕೊನೆಯ ಸಾಲಿನಿಂದ ಇನ್ನೊಬ್ಬ ಕೆಂಪು ಮುಖದವನು ಎಡವುತ್ತ ಬಂದ. ಇಡೀ ಸಭೆ ಚಪ್ಪಾಳೆ ತಟ್ಟಿತು. ಎರಡನೇ ಸಾಲಿನಲ್ಲಿ ಖಾಲಿಯಾದ ಕುರ್ಚಿಯ ಪಕ್ಕದಲ್ಲಿ ಅವರ ಹೆಂಡತಿ, ಆಂಟಿ, ಕೂತೇ ಇದ್ದರು. ಹಿಂದಿನಿಂದ ಒಬ್ಬಾಕೆ ಅವರ ಬೆನ್ನ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥಿಸುತ್ತ, ಪ್ರಾರ್ಥನೆಯ ನೆಪದಲ್ಲಿ ಸಣ್ಣಗೆ ಮುಂದಕ್ಕೆ ತಳ್ಳುತ್ತಲೂ ಇದ್ದಳು. ಆಂಟಿ ಕೈಚೀಲ ತೆರೆದು ಕರವಸ್ತ್ರ ಹುಡುಕುತ್ತಿದ್ದರು. ಅದು ಕೈಯಲ್ಲೇ ಇತ್ತು. ಇವನು ಅದನ್ನೆಲ್ಲ ನೋಡುತ್ತ, ಏರಿದ ಶ್ರುತಿಯಲ್ಲೇ, ಮೆತ್ತಗೆ, ಬಾರಿಸುತ್ತಲೇ ಇದ್ದ.

ಮುಗಿದ ಮೇಲೆ ಅಣ್ಣ ಓಡಿ ಬಂದು ತಬ್ಬಿಕೊಂಡ. "ತಾತ! ಆ ಏರಿಕೆ ಎಲ್ಲಿಂದ ಬಂತೋ?" ಆಗ ಹೇಳಬಹುದಿತ್ತು. ಬೆರಳು ಜಾರಿತು ಅಣ್ಣ, ಎಂದರೆ ಮುಗಿಯುತ್ತಿತ್ತು; ಎಲ್ಲರೂ ನಗುತ್ತಿದ್ದರು, ಡ್ರಮ್ಮಿನವನು ವಾರಗಟ್ಟಲೆ ಆಡಿಕೊಳ್ಳುತ್ತಿದ್ದ, ಅಷ್ಟೇ. ಅವನು "ಗೊತ್ತಿಲ್ಲ ಅಣ್ಣ, ಹಾಗೇ ಬಂತು" ಎಂದ. ಹಾಗೆಂದವನ ಮುಖದಲ್ಲಿ ಒಂದು ವಿನಯದ ನಗೆಯೂ ಇತ್ತೆಂಬುದು ನೆನಪಾಗಿ ಈಗ ಹೊದಿಕೆಯೊಳಗೆ ಅವನಿಗೆ ಮೈಯೆಲ್ಲ ಮುಳ್ಳಾಯಿತು. ಒಬ್ಬ ಮುದುಕಿ ಬಂದು ಅವನ ಎರಡೂ ಕೈ ಹಿಡಿದು ಬೆರಳುಗಳಿಗೆ ಮುತ್ತಿಟ್ಟಿದ್ದಳು. ತಿಂಗಳುಗಳಿಂದ ಆ ಬೆರಳುಗಳು ಬಾರಿಸುವಾಗ ಅವನ ಒಳಗೆ ಏನೂ ಆಗುತ್ತಿರಲಿಲ್ಲ. ಹಲ್ಲುಜ್ಜುವಾಗ ಆಗುವಷ್ಟೂ ಆಗುತ್ತಿರಲಿಲ್ಲ. ಇದನ್ನು ಯಾರಿಗೆ ಹೇಳುವುದು? ಅಣ್ಣನಿಗೆ ಹೇಳಿದರೆ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾನೆ, ಆಗಲೂ ಹಿನ್ನೆಲೆಗೆ ಯಾರಾದರೂ ಬಾರಿಸಬೇಕಾಗುತ್ತದೆ. ನಿಜ ಗೊತ್ತಿದ್ದವಳು ಪೀಪಿ ಒಬ್ಬಳೇ. ಸಭಾಂಗಣದ ಹಿಂದಿನ ಬಾಗಿಲ ಹತ್ತಿರ ಬಿಸಿನೀರು ಕುಡಿಯುತ್ತ ನಿಂತಿದ್ದವಳು, "ನಿನ್ನ ಕೈ ಸೇದಿಹೋಗ ತಾತ, ಗುಂಡಿ ನೋಡಿ ಒತ್ತಬಾರ್ದಾ? ಗಂಟಲು ಕಿತ್ಕೊಂಡು ಬಂತು" ಎಂದು ಪಿಸುಗುಟ್ಟಿ, ಇನ್ನೊಂದು ಗುಟುಕು ಕುಡಿದು, "ಆದ್ರೂ ಆ ಅಂಕಲ್ ಎದ್ರಲ್ಲ" ಎಂದಿದ್ದಳು.

ಅವನು ಎದ್ದು ಬಂದ ಮೇಲೆ ತಿಂಡಿಯ ಮೇಜಿನ ಮುಂದೆ ಅಂಕಲ್ ಬ್ರೆಡ್ಡಿಗೆ ಬೆಣ್ಣೆ ಸವರಿ ಸವರಿ ಅವನ ತಟ್ಟೆಗೆ ಹಾಕುತ್ತಲೇ ಇದ್ದರು. ಹೊಸದಾಗಿ ಇಸ್ತ್ರಿಯಾದ ಬಿಳಿ ಅಂಗಿ ತೊಟ್ಟಿದ್ದರು. ಕಾಲರಿನ ಅಂಚಿನಲ್ಲಿ ಕೈ ಕುಯ್ದೀತು, ಹಾಗಿತ್ತು ಇಸ್ತ್ರಿ. "ತಿನ್ನು ತಾತ, ತಿನ್ನು. ರಾತ್ರಿ ನನಗೆ ಎಂಥಾ ನಿದ್ದೆ ಬಂತು ಗೊತ್ತಾ? ಎದೆ ಮೇಲಿನ ಕಲ್ಲು ಎತ್ತಿ ಆಚೆ ಹಾಕಿದ ಹಾಗೆ." ತಂಡದವರು ಕರೆಯುವುದನ್ನು ಕೇಳಿ, ಐವತ್ತು ದಾಟಿದ ಅವರೂ ಅವನನ್ನು ತಾತ ಎನ್ನಲು ಶುರುಮಾಡಿದ್ದರು. ಆಂಟಿ ಚಹಾದ ಲೋಟ ತಂದಿಟ್ಟರು. ಸದ್ದಾಗದಂತೆ ಇಟ್ಟರು, ಆ ಜಾಗ್ರತೆಯೇ ಅವನಿಗೆ ಸಿಟ್ಟಿನಂತೆ ಕೇಳಿಸಿತು. "ಏನೇ, ಕೋಳಿ ನೆನೆ ಹಾಕಿದೀಯಾ? ಅವನಿಗೆ ಖಾರ ಕಮ್ಮಿ ಇರ್ಲಿ. ಅವನಿಗೆ ಮೊದಲಿಂದ್ಲೂ ಹೊಟ್ಟೆ ಉರಿ," ಎಂದರು ಅಂಕಲ್. ಆಂಟಿ, "ನೆನಪಿದೆ" ಎಂದರು. ಅಷ್ಟೇ. ಅಂಕಲ್ ಹೆಂಡತಿಯ ಬೆನ್ನನ್ನು ಒಂದು ಕ್ಷಣ ನೋಡಿ, ಇವನತ್ತ ತಿರುಗಿ ಕಣ್ಣು ಮಿಟುಕಿಸಿ, ಎಲ್ಲ ಸರಿಹೋಗುತ್ತೆ ಎನ್ನುವಂತೆ ತಲೆಯಾಡಿಸಿದರು. ತಮ್ಮನನ್ನು ತಾವೇ ಹೋಗಿ ಕರೆತರುವುದಾಗಿ ಹೇಳಿ, ಹಾಡುತ್ತಲೇ ಮೆಟ್ಟಿಲಿಳಿದರು. ಅವರ ಹಾಡು ಬೀದಿಗೆ ಹೋಗಿ ಮರೆಯಾಗುವ ತನಕ ಆಂಟಿ ಸಿಂಕಿನ ಮುಂದೆ ಕೈ ಒದ್ದೆಮಾಡಿಕೊಂಡು ಸುಮ್ಮನೆ ನಿಂತಿದ್ದರು.

ಅವನಿಗೆ ಸುಮ್ಮನೆ ಕೂರಲಾಗಲಿಲ್ಲ. "ಬೆಳ್ಳುಳ್ಳಿ ಸುಲಿದು ಕೊಡ್ಲಾ ಆಂಟಿ?" ಎಂದ. ಅವರು ಬೇಡವೆನ್ನುತ್ತಾರೆಂದುಕೊಂಡಿದ್ದ, ತಟ್ಟೆಯನ್ನೇ ಅವನ ಕಡೆಗೆ ತಳ್ಳಿದರು. ಸುಲಿಯುತ್ತ ಕೂತ. ಎಷ್ಟು ಮನೆಗಳಲ್ಲಿ ಎಷ್ಟು ಬೆಳ್ಳುಳ್ಳಿ. ಅಮ್ಮ ಕಂಡರೆ ನಗುತ್ತಿದ್ದಳು, ಮನೆಯಲ್ಲಿ ಒಂದು ಲೋಟ ಎತ್ತಿಡದವನು. ಆಂಟಿ ಅವನ ಬೆರಳುಗಳನ್ನೇ ನೋಡುತ್ತಿದ್ದಾರೆಂದು ತಿಳಿದಾಗ ಉಗುರಿನ ಸಂದಿಯೆಲ್ಲ ನಾಚಿದಂತಾಯಿತು. "ಇವರು ನಿನಗೆ ಹೇಳಿದಾರಾ, ಅವನೇನು ಮಾಡಿದ ಅಂತ?" ಎಂದರು. ಇಲ್ಲವೆಂದ. "ಹೇಳಿರಲ್ಲ. ತಮ್ಮನ ತಪ್ಪು ಅಂತಾರೆ, ಯಾವ ತಪ್ಪು ಅಂತ ಹೇಳೋದೇ ಇಲ್ಲ." ಕೋಳಿಯ ತುಂಡುಗಳನ್ನು ತಿರುವಿಹಾಕುತ್ತ, ಸಾಮಾನಿನ ಅಂಗಡಿಯಲ್ಲಿ ಏನೇನು ಬೇಕೆಂದು ಹೇಳುವವರ ದನಿಯಲ್ಲಿ ಹೇಳಿದರು. ಮಗಳು ಚಿಕ್ಕವಳಿದ್ದಾಗ ಲಾಂಡ್ರಿಯಲ್ಲಿ ಅಂಕಲ್, ತಮ್ಮ ಇಬ್ಬರೂ ಇದ್ದರು. ಹಬೆಯ ದೊಡ್ಡ ಇಸ್ತ್ರಿ ಯಂತ್ರ, ಮೇಲಿನ ಹಲಗೆ ಬಂದು ಕೆಳಗಿನದರ ಮೇಲೆ ಕೂರುವಂಥದು. ಅದಕ್ಕೆ ಎರಡು ಗುಂಡಿ, ಎರಡೂ ಕೈಗೆ ಒಂದೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಹಲಗೆ ಇಳಿಯುತ್ತದೆ. ಕೈ ಗುಂಡಿಯ ಮೇಲಿದ್ದರೆ ಹಲಗೆಯ ನಡುವೆ ಇರುವುದಿಲ್ಲವಲ್ಲ, ಅದಕ್ಕೆ. ಮೈದುನ ಒಂದು ಗುಂಡಿಯನ್ನು ಒತ್ತಿ ಟೇಪು ಸುತ್ತಿಟ್ಟಿದ್ದ. ಒಂದು ಕೈಯಲ್ಲಿ ಕೆಲಸ, ಇನ್ನೊಂದು ಕೈಯಲ್ಲಿ ಫೋನು. "ನನ್ನ ಮಗು ಬೊಂಬೆಯ ಲಂಗ ತಂದಿತ್ತು. ಚಿಕ್ಕಪ್ಪ, ಇದಕ್ಕೂ ಇಸ್ತ್ರಿ ಹಾಕು ಅಂತ. ತಾನೇ ನೆರಿಗೆ ಸರಿ ಮಾಡಿ ಇಡ್ತಾ ಇತ್ತು. ಅವನು ನೋಡ್ಲಿಲ್ಲ. ಒತ್ತಿದ." ಬೆಳ್ಳುಳ್ಳಿಯ ಎಸಳು ಅವನ ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಧೈರ್ಯವಾಗಲಿಲ್ಲ. "ಬಲಗೈಯಲ್ಲಿ ಮೂರು ಬೆರಳು ಇವತ್ತಿಗೂ ಮಡಚಲ್ಲ ಅವಳಿಗೆ. ಎಡಗೈಯಲ್ಲೇ ಬರೆಯೋದು ಕಲಿತಳು, ಎಡಗೈಯಲ್ಲೇ ತಲೆ ಬಾಚ್ಕೊಂಡಳು, ಎಡಗೈಯಲ್ಲೇ ಕೆಲಸಕ್ಕೆ ಸೇರಿದಳು. ಅವಳು ಚಿಕ್ಕಪ್ಪನ ಹತ್ರ ಮಾತಾಡ್ತಾಳಪ್ಪ, ಗೊತ್ತಾ? ನನಗೆ ಹೇಳದೆ ಫೋನ್ ಮಾಡ್ತಾಳೆ. ಹೋಗ್ಲಿ ಬಿಡಮ್ಮ, ಪಾಪ ಅವನು, ಅಂತಾಳೆ ನನಗೇ. ಕೈ ಸುಟ್ಕೊಂಡವಳು ಬಿಟ್ಟಳು. ನಿನ್ನೆ ಇವರೂ ಬಿಟ್ಟರು. ಈ ಮನೇಲಿ ಉಳಿದವಳು ನಾನೊಬ್ಬಳೇ."

ಫೋನು ರಿಂಗಾಯಿತು. ಅಣ್ಣ. ಅವನು ಎದ್ದು ಬಾಗಿಲ ಹತ್ತಿರ ಹೋದ. ಊಟವಾದೊಡನೆ ವ್ಯಾನು ಬರುತ್ತದೆ, ಅಂಗಿ ತೊಟ್ಟು ತಯಾರಿರು ಎಂದ ಅಣ್ಣ. "ಮತ್ತೆ ಕೇಳು ತಾತ, ಸಂಜೆ ಅದೇ ಏರಿಕೆ ಬೇಕು. ಅದೇ ಜಾಗದಲ್ಲಿ. ನಾನು ಮೂರು ಬೆರಳು ತೋರಿಸ್ತೀನಿ, ಹೊಸ ಸನ್ನೆ." ಮೂರು ಬೆರಳು ಎಂದದ್ದಕ್ಕೆ ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ. "ಪೀಪಿಗೆ ಗಂಟಲು ನೋವಲ್ವಾ ಅಣ್ಣ" ಎಂದ. "ಜೇನು ಕೊಡ್ಸಿದೀನಿ. ನೋಡು, ಅವಳಿಗೆ ಅಳು ಬಂತಲ್ಲ, ಅದೇ ಮುಖ್ಯ. ನಿನಗೆ ದೇವರು ಕೊಟ್ಟಿದ್ದನ್ನ ನೀನೇ ತಡೀಬೇಡ." ಸರಿ ಎಂದ. ಸರಿ ಎನ್ನುವುದು ಅವನಿಗೆ ಉಸಿರಾಡಿದಷ್ಟು ಸಲೀಸಾಗಿಬಿಟ್ಟಿತ್ತು. ಯಜಮಾನರಿಗೂ ಸರಿ, ಅಮ್ಮನಿಗೂ ಸರಿ, ಮದುವೆಗೆಂದು ನೋಡಿಬಂದ ಹುಡುಗಿಯ ಮನೆಯವರು 'ಯೋಚಿಸಿ ಹೇಳ್ತೀವಿ' ಎಂದದ್ದಕ್ಕೂ ಸರಿ. ಸಂಜೆ ಇನ್ನೊಂದು ಊರಿನಲ್ಲಿ ಇನ್ನೊಬ್ಬ ಯಾರೋ ಎದ್ದು ನಿಂತು ಇನ್ನಾರನ್ನೋ ಕ್ಷಮಿಸುತ್ತಾನೆ, ಕರೆದು ಊಟಕ್ಕೆ ಕೂರಿಸುತ್ತಾನೆ, ಮಾರನೆಯ ದಿನ ಯಾವಳೋ ಈರುಳ್ಳಿ ಹೆಚ್ಚುತ್ತಾಳೆ. ತಾನು ಅಷ್ಟರಲ್ಲಿ ಮುಂದಿನ ಊರಿನ ದಾರಿಯಲ್ಲಿರುತ್ತೇನೆ. ಇಷ್ಟು ದಿನ ಎಲ್ಲ ಊರುಗಳಲ್ಲೂ ಹೀಗೇ ಆಗಿರಬೇಕು, ವ್ಯಾನು ಹೊರಟ ಮೇಲಿನದನ್ನು ನಾವ್ಯಾರೂ ಕಂಡಿಲ್ಲ ಎಂದು ಅವನಿಗೆ ಹೊಳೆದದ್ದು ಆಗಲೇ.

ತಿರುಗಿದರೆ ಆಂಟಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿಂದೆಯೇ ನಿಂತಿದ್ದರು. "ನಿನ್ನ ಪೆಟ್ಟಿಗೆ ಇಲ್ಲೇ ಇದೆಯಲ್ಲ?" ಎಂದರು. ಸಭಾಂಗಣವನ್ನು ಬೆಳಿಗ್ಗೆಯೇ ಬೇರೆಯವರಿಗೆ ಬಿಟ್ಟುಕೊಡಬೇಕಿದ್ದುದರಿಂದ ವಾದ್ಯಗಳನ್ನೂ ಮನೆಮನೆಗೆ ಹಂಚಿದ್ದರು. ಅವನ ಕೀಬೋರ್ಡು ಮಗಳ ಕೋಣೆಯ ಗೋಡೆಗೆ ಒರಗಿತ್ತು. ಇದೆ ಎಂದ. "ನಿನ್ನೆ ಬಾರಿಸಿದ್ಯಲ್ಲ, ಇವರು ಏಳೋಕೆ ಮುಂಚೆ. ಅದನ್ನ ಬಾರಿಸು." ಅವನಿಗೆ ಅರ್ಥವಾಗಲಿಲ್ಲ. "ನನಗೂ ಆಗುತ್ತಾ ನೋಡೋಣ. ಅವನು ಬರೋದ್ರೊಳಗೆ ಆಗ್ಬೇಕು. ಬೇಗ ಬಾರಿಸಪ್ಪ, ಒಲೆ ಮೇಲೆ ಇಟ್ಟು ಬಂದಿದೀನಿ." ಅವರ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಅವನಿಗೆ ಅನ್ನಿಸಿತು.

ಕೀಬೋರ್ಡನ್ನು ಮಂಚದ ಮೇಲೆ ಮಲಗಿಸಿ, ವೈರು ಸಿಕ್ಕಿಸಿ, ನೆಲಕ್ಕೆ ಮಂಡಿಯೂರಿ ಕೂತ. ಆಂಟಿ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಈರುಳ್ಳಿಯ ವಾಸನೆ ಕೋಣೆಗೆಲ್ಲ ಬಂತು. ಅವನು ಶುರುಮಾಡಿದ; ಮೆತ್ತಗೆ, ಅಂಗೈ ಕೆಳಗಾದಾಗ ಬಾರಿಸುವಂತೆ. ಪಲ್ಲವಿ ಬಂತು. ಎದುರಿಗೆ ಅಣ್ಣನ ಬೆನ್ನಿಲ್ಲ, ಬೆನ್ನ ಹಿಂದೆ ಕೈಯಿಲ್ಲ. ಪಿಟೀಲುಗಳನ್ನು ತುಂಬಿಸಿದ. ಆ ಜಾಗ ಬಂದಾಗ ಬೆರಳು ತಾನಾಗಿ ಪಕ್ಕದ ಗುಂಡಿಗೆ ಹೋಗಿ ಎರಡು ಸಲ ಒತ್ತಿತು, ಈ ಸಲ ಜಾರದೆ. ಶ್ರುತಿ ಏರಿತು. ಅವನು ಕಣ್ಣೆತ್ತಿ ನೋಡಿದ. ಆಂಟಿಯ ಮುಚ್ಚಿದ ರೆಪ್ಪೆಗಳು ಬಿಗಿದುಕೊಂಡಿದ್ದವು, ಗಾಯಕ್ಕೆ ಔಷಧಿ ಹಚ್ಚಿಸಿಕೊಳ್ಳುವವರ ಹಾಗೆ. ಕಾಯುತ್ತಿದ್ದರು. ತಿಂಗಳುಗಳ ನಂತರ ಮೊದಲ ಸಲ ಅವನೂ ಬೇಡಿಕೊಂಡ, ನಿಜವಾಗಿ ಬೇಡಿಕೊಂಡ: ಆಗಲಿ ಕರ್ತನೇ, ಇವರಿಗೆ ಆಗಿಬಿಡಲಿ, ಗುಂಡಿಯಿಂದಲೇ ಆದರೂ ಆಗಲಿ. ಹಾಡು ಮುಗಿಯಿತು. ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಕುಣಿಯುವುದು ಕೇಳಿಸಿತು. "ಇಲ್ಲ," ಎಂದರು ಆಂಟಿ ಕಣ್ಣು ತೆಗೆಯದೆ. "ಇನ್ನೊಂದ್ ಸಲ."

ಅವನಿಗೆ ಕೈ ಎತ್ತಲಾಗಲಿಲ್ಲ. "ಆಂಟಿ, ನಿನ್ನೆ ಅದು ನಾನು ಬೇಕು ಅಂತ ಮಾಡಿದ್ದಲ್ಲ," ಎಂದ. ಮಾತು ಶುರುವಾದ ಮೇಲೆ ನಿಲ್ಲಲಿಲ್ಲ. "ನಿದ್ದೆ ಬರ್ತಿತ್ತು. ಬೆರಳು ಜಾರಿ ಪಕ್ಕದ ಗುಂಡಿ ಒತ್ತಿಬಿಟ್ಟೆ. ಗಾಬರೀಲಿ ಇನ್ನೊಂದ್ ಸಲ ಒತ್ತಿದೆ. ನಮ್ಮ ಹುಡುಗಿ ಅತ್ತಿದ್ದಲ್ಲ, ಅವಳಿಗೆ ಸ್ವರ ಸಿಗ್ಲಿಲ್ಲ, ಗಂಟಲು ಹರೀತು. ಅಷ್ಟೇ ಆಂಟಿ ಆಗಿದ್ದು. ಅದಕ್ಕೇ ಅಂಕಲ್ ಎದ್ರು." ಹೇಳಿದ ಮೇಲೆ ಹಗುರವಾಯಿತು. ಅಬ್ಬ, ಎಂಥಾ ಹಗುರ. ಇನ್ನು ಈ ತಾಯಿ ಯಾರಿಗೂ ಬಲವಂತದ ಊಟ ಬಡಿಸಬೇಕಿಲ್ಲ, ಬಾಗಿಲು ಹಾಕಿಕೊಳ್ಳಬಹುದು, ತಾನು ಅಷ್ಟಾದರೂ ಕೊಟ್ಟೆ ಎಂದುಕೊಂಡ.

ಆಂಟಿ ಕಣ್ಣು ತೆರೆದು ಅವನನ್ನೇ ನೋಡಿದರು. "ಇದನ್ನ ನನಗ್ಯಾಕಪ್ಪ ಹೇಳ್ದೆ?" ಎಂದರು.

"ನಿಮಗೆ ಇಷ್ಟ ಇಲ್ದೆ ಅವನನ್ನ ಕೂರಿಸೋದು ಬೇಡ ಅಂತ..."

"ಇಷ್ಟ ಇಲ್ಲ ಅಂತ ಯಾರು ಹೇಳಿದ್ರು ನಿನಗೆ? ಸಾಕಾಗಿದೆ ಕಣೋ ನನಗೆ. ಬೆಳಿಗ್ಗೆ ಎದ್ರೆ ಅವನು, ಮಲಗಿದ್ರೆ ಅವನು. ಮಗಳ ಮುಖ ನೋಡಿದ್ರೂ ಅವನೇ ಕಾಣ್ತಾನೆ. ನಿನ್ನೆ ಇವರು ಎದ್ದು ಹೋದಾಗ ಹೊಟ್ಟೆ ಉರೀತು ನನಗೆ, ಅವನ ಮೇಲಲ್ಲ, ಇವರ ಮೇಲೆ. ಇವರಿಗೆ ಇಷ್ಟು ಸುಲಭಕ್ಕೆ ಇಳೀತಲ್ಲ, ನನಗ್ಯಾಕೆ ಇಳೀಲಿಲ್ಲ ಅಂತ. ಆಮೇಲೆ ಅಂದ್ಕೊಂಡೆ, ಬಾರಿಸೋ ಹುಡುಗ ನಮ್ಮನೇಲೇ ಇದಾನೆ, ಕೇಳಿದ್ರೆ ಇಲ್ಲ ಅನ್ನಲ್ಲ ಅಂತ." ಅವರ ದನಿ ಏರಲಿಲ್ಲ. "ಈಗ ನೀನು ಗುಂಡಿ ಅಂತೀಯ. ಇನ್ನು ನಾನು ಯಾವುದಕ್ಕೆ ಅಂತ ಕಾಯ್ಲಿ?"

ತನ್ನ ಹೊರೆ ಇಳಿಸಿಕೊಳ್ಳಲು ಇವರ ಕೈಯಲ್ಲಿದ್ದ ಒಂದೇ ಒಂದನ್ನು ಕಿತ್ತುಕೊಂಡೆ ಎಂದು ಅವನಿಗೆ ತಿಳಿಯಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕ್ಷಮಿಸಿ ಎನ್ನಲು ಬಾಯಿ ತೆರೆದು, ಆ ಮಾತನ್ನು ಇವರ ಮುಂದೆ ಹೇಗೆ ಆಡುವುದೆಂದು ಮುಚ್ಚಿದ. ಆಂಟಿ ಒಳಗೆ ಹೋಗುವ ಮುಂಚೆ ನಿಂತು, "ಇವರಿಗೆ ಹೇಳ್ಬೇಡ," ಎಂದರು. "ಪಾಪ, ಬೆಳಿಗ್ಗೆಯಿಂದ ಹಾಡ್ತಿದಾರೆ." ಅವನು ವೈರು ಕಿತ್ತು ಸುತ್ತಿದ. ಸುತ್ತಿದ್ದು ಸರಿಯಾಗದೆ ಬಿಚ್ಚಿ ಮತ್ತೆ ಸುತ್ತಿದ. ಬಿಗಿಯಾದ ನೀಲಿ ಅಂಗಿ ತೊಟ್ಟು, ಮಂಚದ ಅಂಚಿನಲ್ಲಿ, ಶಿಕ್ಷೆಗೆ ಕಾಯುವ ಶಾಲೆಯ ಹುಡುಗನಂತೆ ಕೂತ.

ಮೆಟ್ಟಿಲ ಮೇಲೆ ಅಂಕಲ್‌ನ ಹಾಡು ಮೊದಲು ಬಂತು, ಆಮೇಲೆ ಅಂಕಲ್, ಅವರ ಹಿಂದೆ ತಮ್ಮ. ನಿನ್ನೆ ಎಡವುತ್ತ ಬಂದವನು ಇವತ್ತು ಹೊಸ್ತಿಲಾಚೆಯೇ ನಿಂತುಬಿಟ್ಟ. ಕೈಯಲ್ಲೊಂದು ಹಣ್ಣಿನ ಚೀಲ. ಅವನ ಅಂಗಿಯೂ ಅಂಕಲ್‌ನದರಷ್ಟೇ ಗರಿಗರಿ. ಈಗಲೂ ಎಲ್ಲೋ ಬೇರೆ ಕಡೆ ಅದೇ ಕೆಲಸವಂತೆ. "ಅತ್ತಿಗೆ..." ಎನ್ನುತ್ತ ಚೀಲವನ್ನು ಮುಂದಕ್ಕೆ ಚಾಚಿದ. ಆಂಟಿ ಚೀಲ ತೆಗೆದುಕೊಳ್ಳಲಿಲ್ಲ. "ಬಾ. ಆರಿಹೋಗುತ್ತೆ," ಎಂದು ಒಳಗೆ ನಡೆದರು. ಅಂಕಲ್‌ಗೆ ಅಷ್ಟೇ ಸಾಕಾಯಿತು, "ನೋಡಿದ್ಯಾ, ನೋಡಿದ್ಯಾ?" ಎಂದು ತಮ್ಮನ ಬೆನ್ನು ತಟ್ಟಿ ಕುರ್ಚಿಗೆ ಕೂರಿಸಿದರು. ಅದು ಮಗಳ ಕುರ್ಚಿ ಎಂದು ಇಬ್ಬರು ಅಣ್ಣತಮ್ಮಂದಿರಿಗೂ ಒಟ್ಟಿಗೆ ನೆನಪಾದಂತಿತ್ತು. ತಮ್ಮ ಅರ್ಧ ಎದ್ದ. "ಕೂತ್ಕೋ," ಎಂದರು ಆಂಟಿ.

ಪಾತ್ರೆಗಳಿಂದ ಹಬೆ ಏಳುತ್ತಿತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಂಕಲ್ ಎಲ್ಲರನ್ನೂ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ಇವನತ್ತ ತಿರುಗಿದರು. "ತಾತ, ಪ್ರಾರ್ಥನೆ ಮಾಡ್ಬಿಡೋಣ. ನಿನ್ನ ಕೀಬೋರ್ಡ್ ತಗೊಂಡ್ ಬಾರಪ್ಪ. ನಿನ್ನೆ ಬಾರಿಸಿದ್ಯಲ್ಲ, ಅದನ್ನೇ ಮೆತ್ತಗೆ." ಅವರ ಕಣ್ಣಲ್ಲಿ ಬೇಡಿಕೆಯಿತ್ತು. ಬೆಳಗಿನಿಂದ ಹಾಡಿದ್ದೆಲ್ಲ ಎಲ್ಲಿ ಬರಿದಾಗಿಬಿಡುತ್ತದೋ ಎಂಬ ಭಯವಿತ್ತು. ಸರಿ ಎಂಬ ಮಾತು ಅವನ ನಾಲಗೆಯ ತುದಿಗೆ ಬಂದು ನಿಂತಿತು. ಆಂಟಿ ಸೌಟಿನ ಹಿಡಿ ನೋಡುತ್ತಿದ್ದರು. ಅವರೂ ಕಾಯುತ್ತಿದ್ದಾರೆ, ಇನ್ನೊಂದು ಸಲ, ಈಗಲಾದರೂ ಆದೀತೇ ಎಂದು ಕಾಯುತ್ತಿದ್ದಾರೆ ಎಂದು ಅವನಿಗೆ ಅನ್ನಿಸಿತು.

"ಬೇಡ ಅಂಕಲ್," ಎಂದ. "ಇವತ್ತು ಹಾಗೇ ಮಾಡೋಣ."

ಅಂಕಲ್‌ನ ಮುಖ ಸಪ್ಪಗಾಯಿತು. ಆದರೂ ಕಣ್ಣು ಮುಚ್ಚಿ ಕೈ ಜೋಡಿಸಿದರು. "ಕರ್ತನೇ," ಎಂದರು. "ಸ್ತೋತ್ರ ಕರ್ತನೇ." ಅಲ್ಲಿಗೆ ನಿಂತಿತು. ಸಂಗೀತವಿಲ್ಲದ ಕೋಣೆಯಲ್ಲಿ ಫ್ರಿಜ್ಜು ಗುಂಯ್‌ಗುಟ್ಟುವುದು, ತಮ್ಮ ಉಗುಳು ನುಂಗುವುದು, ಕೆಳಗಿನ ಬೀದಿಯಲ್ಲಿ ಯಾರೋ ಯಾರನ್ನೋ ಕೂಗುವುದು ಎಲ್ಲವೂ ಕೇಳಿಸಿತು. "ಕರ್ತನೇ, ನೀನು..." ಎಂದು ಮತ್ತೆ ಶುರುಮಾಡಿದರು, ಮುಂದಿನ ಮಾತು ಸಿಗಲಿಲ್ಲ. ಇವನು ತನ್ನ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂತಿದ್ದ. ಪ್ರಾರ್ಥನೆಯ ಹೊತ್ತಿನಲ್ಲಿ ಕೈ ಖಾಲಿಯಾಗಿ ಕೂತದ್ದು ಅವನಿಗೆ ನೆನಪೇ ಇರಲಿಲ್ಲ.

ಆಗ ಆಂಟಿ ಮಾತಾಡಿದರು. ಕಣ್ಣು ಮುಚ್ಚಿದ್ದರೋ ಇಲ್ಲವೋ ಅವನು ನೋಡಲಿಲ್ಲ.

"ಕರ್ತನೇ, ಈ ಊಟಕ್ಕೆ ಸ್ತೋತ್ರ. ಉಪ್ಪು ನೋಡಿಲ್ಲ, ಮನಸ್ಸಿರ್ಲಿಲ್ಲ. ಇವನು ಬಂದಿದಾನೆ. ನಾನು ಕರೆದಿದ್ದಲ್ಲ, ಆದ್ರೂ ಬಂದಿದಾನೆ, ಕೂತಿದಾನೆ. ಖಾರ ಕಮ್ಮಿ ಹಾಕಿದೀನಿ. ಅಷ್ಟು ಮಾಡೋಕಾಯ್ತು. ಇನ್ನೊಂದು ನನ್ನ ಕೈಲಿ ಇನ್ನೂ ಆಗಿಲ್ಲ. ಯಾವಾಗ ಆಗುತ್ತೋ ಗೊತ್ತಿಲ್ಲ. ಆಮೆನ್."

ಅಂಕಲ್ ಕಣ್ಣು ತೆರೆದು ಹೆಂಡತಿಯನ್ನು ದಿಟ್ಟಿಸಿದರು, ಬಾಯಿ ತೆರೆದೇ ಇತ್ತು. ಆಮೆನ್ ಎನ್ನಲು ಅವರಿಗೂ ಆಗಲಿಲ್ಲ, ಇವನಿಗೂ ಆಗಲಿಲ್ಲ. ಅಂದವನು ಮೈದುನ, ತಲೆ ಎತ್ತದೆ, ಆದರೆ ಗಟ್ಟಿಯಾಗಿ. ಇಷ್ಟು ವರ್ಷಗಳಲ್ಲಿ ತನ್ನ ಬಗ್ಗೆ ಯಾರೋ ಮೊದಲ ಸಲ ನಿಜ ಹೇಳಿದಂತೆ. ಆಂಟಿ ಸೌಟು ಎತ್ತಿಕೊಂಡು ಅವನ ತಟ್ಟೆಗೇ ಮೊದಲು ಬಡಿಸಿದರು.